ದೊಡ್ಡಮ್ಮನ ಬಾಯಿ, ನನ್ನ ಕುತ್ತಿಗೆ

ಹೊಸ ವರ್ಷಕ್ಕೆ ಕೋಲಾರದ ಒಂದು ಲ್ಯಾಬಿನಲ್ಲಿ ಆಫರ್ ಇತ್ತು. ರಕ್ತ, ಹೊಟ್ಟೆ, ಕುತ್ತಿಗೆ ಎಲ್ಲ ಸೇರಿ ಒಂದೇ ಪ್ಯಾಕೇಜು. ನನಗೇನೂ ಆಗಿರಲಿಲ್ಲ. ವಯಸ್ಸು 45 ದಾಟಿತಲ್ಲ, ಸುಮ್ನೆ ಒಂದ್ಸಲ ನೋಡಿಸೋಣ ಅಂತ ಹೋದೆ.

ಜೆಲ್ ಸವರಿ ಗಂಟಲ ಮೇಲೆ ಆಡಿಸುತ್ತಿದ್ದ ಸ್ಕ್ಯಾನಿಂಗ್ ಕಡ್ಡಿ ಬಲಗಡೆ ಬಂದು ನಿಂತುಬಿಟ್ಟಿತು. ಆಯಮ್ಮ ಎರಡು ಸಲ ಗುಂಡಿ ಒತ್ತಿದರು, ಮಾತಾಡಲಿಲ್ಲ. ಥೈರಾಯ್ಡಿನಲ್ಲಿ 12 ಮಿಲಿಮೀಟರ್ ಗಂಟು ಅಂತ ಸಂಜೆ ರಿಪೋರ್ಟ್ ಬಂತು. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ವಾರ ಕಾಯಬೇಕಿತ್ತು.

ಆ ವಾರ ನಿದ್ದೆ ಎಲ್ಲಿಂದ ಬರಬೇಕು? ಮೊಬೈಲ್ ಹಿಡಿದು ಓದಿದ್ದೇ ಓದಿದ್ದು. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರವೇ ಕ್ಯಾನ್ಸರ್ ತಪಾಸಣೆ ಶುರು ಮಾಡಿತಂತೆ. ಅದರ ಜೊತೆ ಒಂಚೂರು ದುಡ್ಡು ಕೊಟ್ಟರೆ ಕುತ್ತಿಗೆಗೂ ಸ್ಕ್ಯಾನ್. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟು ಜಾಸ್ತಿಯಾಗಿತ್ತು. ಅದರಿಂದ ಸಾಯುವವರ ಲೆಕ್ಕ ಮಾತ್ರ ಇದ್ದ ಹಾಗೇ ಇತ್ತು! ಸುಮ್ಮನಿದ್ದ ಗಂಟುಗಳನ್ನು ಹುಡುಕಿ, ಗ್ರಂಥಿ ತೆಗೆಸಿ, ಜೀವಮಾನವೆಲ್ಲ ಮಾತ್ರೆ ನುಂಗಿದವರು ಎಷ್ಟು ಜನವೋ.

ನನ್ನದು ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೂ ಇವತ್ತಿಗೂ ಉಗುಳು ನುಂಗುವಾಗ ಕೈ ಕುತ್ತಿಗೆಗೆ ಹೋಗುತ್ತೆ.

ಮುಂದಿನ ಭಾನುವಾರ ಶ್ರೀನಿವಾಸಪುರದ ಕಡೆ ನಮ್ಮೂರಿಗೆ ಹೋಗಿದ್ದೆ. ದೇವರ ಪಟದ ಹಿಂದೆ ಬೆಂಕಿಪೊಟ್ಟಣ ಹುಡುಕುವಾಗ ಮಡಿಸಿಟ್ಟ ಚೀಟಿ ಸಿಕ್ಕಿತು. ಮೂರು ತಿಂಗಳ ಹಿಂದಿನದು.

"ಏನ್ ದೊಡ್ಡಮ್ಮ ಇದು?"

"ಅಂಗನವಾಡಿ ಹತ್ರ ಕ್ಯಾಂಪ್ ಹಾಕಿದ್ರಲ್ಲ, ಆಶಾ ಹುಡುಗಿ ಟಾರ್ಚ್ ಬಿಟ್ಟು ಬಾಯಿ ನೋಡಿದ್ಲು. ಬಿಳೀ ಮಚ್ಚೆ ಐತೆ, ದೊಡ್ಡಾಸ್ಪತ್ರೆಗೆ ಹೋಗು ಅಂದ್ಲು. ರಾಗಿ ಒಕ್ಕಣೆ ಮುಗೀಲಿ ಅಂತಿದ್ದೆ."

ದೊಡ್ಡಮ್ಮ ಎಡಗೆನ್ನೆಯಲ್ಲಿ ಹೊಗೆಸೊಪ್ಪು ಒತ್ತರಿಸಿಕೊಳ್ಳೋದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಚ್ಚೆ ಸರಿಯಾಗಿ ಅಲ್ಲೇ ಇತ್ತು. ಸುಣ್ಣ ಬಳಿದ ಹಾಗೆ, ಒರೆಸಿದರೂ ಹೋಗದು. ಖಾರ ತಗುಲಿದರೆ ಉರಿ.

ಟಾರ್ಚ್ ಅಂತ ಹಗುರ ಮಾಡುವ ಹಾಗಿಲ್ಲ. ತಿರುವನಂತಪುರದ ಕಡೆ ಡಾಕ್ಟರಲ್ಲದವರಿಗೇ ತರಬೇತಿ ಕೊಟ್ಟು, ಮನೆಮನೆಗೆ ಕಳಿಸಿ ಹೀಗೇ ಬಾಯಿ ನೋಡಿಸಿದ್ದರು. 2005ರಲ್ಲಿ ಅದರ ಫಲಿತಾಂಶ ಬಂತು. ತಂಬಾಕು, ಕುಡಿತದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಆದರೆ ಅಲ್ಲಿ ಯಾರೂ ಚೀಟಿಯನ್ನು ಪಟದ ಹಿಂದೆ ಇಟ್ಟು ಗುಣವಾಗಲಿಲ್ಲ, ಅಲ್ವಾ?

ಸೋಮವಾರವೇ ಬೆಳಗಿನ ಬಸ್ಸು ಹತ್ತಿಸಿದೆ. ಚೂರು ಕತ್ತರಿಸಿ ಪರೀಕ್ಷೆ ಮಾಡಿದರು. ಇನ್ನೂ ಕ್ಯಾನ್ಸರ್ ಆಗಿಲ್ಲ, ಹೊಗೆಸೊಪ್ಪು ಬಿಡಲೇಬೇಕು, ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು ಡಾಕ್ಟರು. ವಾಪಸ್ ಬರುವಾಗ ದೊಡ್ಡಮ್ಮನ ಕೈ ನಾಲ್ಕು ಸಲ ಸೊಂಟದ ಸಂಚಿಗೆ ಹೋಯಿತು. ನಾನು ಕಿಟಕಿ ಕಡೆ ತಿರುಗಿದಾಗ ಐದನೇ ಸಲವೂ ಹೋಗಿರಬಹುದು.

ಮುಂದಿನ ತಾರೀಕು ಮಾವಿನ ಸುಗ್ಗಿಗೇ ಬಿದ್ದಿದೆ. ಈ ಸಲದ ಚೀಟಿ ನನ್ನ ಜೇಬಿನಲ್ಲೇ ಇದೆ.