ರೆಕಮೆಂಡೇಶನ್ ಲೆಟರ್ ಕೇಳೋರಿಗೆ

ಇವತ್ತು ಮಾನಸಗಂಗೋತ್ರಿ ಹತ್ರ ಟೀ ಅಂಗಡೀಲಿ ಒಂದು ಹುಡುಗಿ ಫೋನಲ್ಲಿ ಗೋಗರೀತಿದ್ಲು: "ಸರ್, ನಾಳೆ ಲಾಸ್ಟ್ ಡೇಟ್, ಸ್ಪ್ಯಾಮ್ ಫೋಲ್ಡರ್ ಒಂದ್ಸಲ ನೋಡಿ ಸರ್."

ಲೆಟರ್ ಕೇಳಿ ಮೇಷ್ಟ್ರಿಗೆ ಬಂದ ಮೇಲ್ ಅಲ್ಲೇ ಇರತ್ತೆ, ಬಹುಪಾಲು.

ಫಾರಿನ್ ಯೂನಿವರ್ಸಿಟಿಗಳು ಸಾಮಾನ್ಯವಾಗಿ ಪತ್ರಾನ ನಿಮ್ಮ ಕೈಯಿಂದ ತಗೊಳ್ಳಲ್ಲ. ಅರ್ಜೀಲಿ ಮೇಷ್ಟ್ರ ಇಮೇಲ್ ಹಾಕಿದ್ರೆ ಪೋರ್ಟಲ್ಲೇ ಅವರಿಗೆ ಪತ್ರ ಅಪ್‌ಲೋಡ್ ಮಾಡೋ ಲಿಂಕ್ ಕಳಿಸತ್ತೆ. ಹಾಕಿದ ದಿನಾನೇ ಅವರಿಗೆ ಫೋನ್ ಮಾಡಿ, ಬಂತಾ ಅಂತ ಕೇಳಿ. ಕಾಲೇಜಿನ ಇಮೇಲೇ ಕೊಡಿ, ಜಿಮೇಲ್ ಕಂಡ್ರೆ ಕೆಲವು ಕಡೆ ಅನುಮಾನ. ಆ ಕಾಲೇಜ್ ಇಮೇಲನ್ನ ಮೇಷ್ಟ್ರು ತೆಗೀತಾರಾ ಅನ್ನೋದು ಬೇರೆ ಮಾತು!

ಮೂರ್ನಾಲ್ಕು ವಾರ ಮುಂಚೆ ಕೇಳಿ. ಜೊತೆಗೆ ಮಾರ್ಕ್ಸ್ ಕಾರ್ಡು, ರೆಸ್ಯೂಮೆ, ಇನ್ನೊಂದು ಪುಟ: ಯಾವ ಸೆಮಿಸ್ಟರಲ್ಲಿ ಅವರ ಯಾವ ಪೇಪರ್ ಓದಿದ್ರಿ, ಪ್ರಾಜೆಕ್ಟಲ್ಲಿ ನೀವು ಮಾಡಿದ್ದೇನು. ಇದಿಲ್ದಿದ್ರೆ "ಶಿಸ್ತಿನ, ಶ್ರಮಜೀವಿ ವಿದ್ಯಾರ್ಥಿ" ಅಂತ ಗೀಚಿ ಕೈ ತೊಳ್ಕೊಳ್ತಾರೆ. ಅಂಥದ್ದು ಯಾರಿಗೂ ಬೇಡ.

"ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ" ಅಂತಾರಲ್ಲ, ಅಲ್ಲೇ ಎಡವಟ್ಟು. ನೀವೇ ಬರೆದ್ರೆ ಮೂರು ಮೇಷ್ಟ್ರ ಪತ್ರಕ್ಕೂ ಒಂದೇ ಧಾಟಿ, ಅದೇ ವಿಶೇಷಣ. ಓದೋರು ದಡ್ಡರಲ್ಲ. ಪಾಯಿಂಟ್ಸ್ ಮಾತ್ರ ಕೊಡಿ, ವಾಕ್ಯ ಅವರದ್ದಾಗಿರಲಿ.

ಮುಖ ನೋಡಿರದ ಪ್ರಿನ್ಸಿಪಾಲರಿಗಿಂತ ಲ್ಯಾಬಲ್ಲಿ ಪಕ್ಕ ನಿಂತಿದ್ದ ಅಸಿಸ್ಟೆಂಟ್ ಪ್ರೊಫೆಸರ್ ಪತ್ರಕ್ಕೇ ತೂಕ ಜಾಸ್ತಿ.

ಕೆಲಸದ ರೆಫರೆನ್ಸಿಗೆ ಹಳೇ ಮ್ಯಾನೇಜರ್ ನಂಬರ್ ಕೊಡೋದಾದ್ರೆ ಮೊದಲು ಅವರನ್ನ ಕೇಳಿ, ಕಂಪನಿ ಹೆಸರು, ಹುದ್ದೆ ಎರಡೂ ಹೇಳಿಡಿ. ಇಲ್ದಿದ್ರೆ ಎಚ್‌ಆರ್ ಕರೆ ಬಂದಾಗ ಲೋನ್ ಕಾಲ್ ಅಂತ ಕಟ್ ಮಾಡ್ಬಿಡ್ತಾರೆ.