ಕಟೋವಿತ್ಸೆಯಲ್ಲಿ ಸಂಸಾರ ಹೂಡಿದ ಬಗೆ

ಶಾಲೆಯ ರಜೆಗೆಂದು ಮಕ್ಕಳೊಂದಿಗೆ ಬಳ್ಳಾರಿಗೆ ಬಂದು ಮೂರು ವಾರಗಳಾದವು. ಪೋಲೆಂಡಿನಲ್ಲಿ ದೊಡ್ಡ ರಜೆ ಜೂನ್ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ಇರುವುದರಿಂದ ನಮ್ಮ ಪಾಲಿಗೆ ಸಿಗುವುದು ಆಷಾಢದ ಗಾಳಿ ಬೀಸುವ ಬಳ್ಳಾರಿ. ಕಳೆದ ಭಾನುವಾರ ಹೊಸಪೇಟೆಯಿಂದ ಅಕ್ಕನ ಮಗಳು ತನ್ನ ಎರಡು ವರ್ಷದ ಕೂಸನ್ನು ಕಟ್ಟಿಕೊಂಡು ಬಂದಿದ್ದಳು. ಅವಳ ಗಂಡನಿಗೆ ಪೋಲೆಂಡಿನ ವ್ರೋತ್ಸ್ವಾಫ್ ನಗರದಲ್ಲಿ ಕೆಲಸ ಸಿಕ್ಕಿದ್ದು, ಅವನು ಮುಂದೆ ಹೋಗಿ ನಂತರ ಇವರಿಬ್ಬರನ್ನು ಕರೆಸಿಕೊಳ್ಳುವ ಯೋಚನೆಯಲ್ಲಿದ್ದಾನೆ. "ಚಿಕ್ಕಮ್ಮ, ಜೋಳದ ಹಿಟ್ಟು ಎಷ್ಟು ಕಿಲೋ ಒಯ್ಯಬೇಕು? ಸ್ವೆಟರ್ ಇಲ್ಲೇ ತಗೊಳ್ಳಲೇನು?" ಎಂದು ಅವಳು ಕೇಳಿದಳು. ಅದಕ್ಕೆ ಉತ್ತರ ಹೇಳುವ ಮೊದಲು, ಮದುವೆ ನೋಂದಣಿ ಆಗಿದೆಯೇ ಎಂದು ನಾನು ಕೇಳಿದೆ. ಆಗಿರಲಿಲ್ಲ. ಕೂಸಿನ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಿದ್ದಾರೆಯೇ ಎಂದು ಕೇಳಿದೆ. ಅದೂ ಆಗಿರಲಿಲ್ಲ. ಅಂದು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯವರು ಉಕ್ಕಿನ ಕಾರ್ಖಾನೆಗಳ ಯಂತ್ರಗಳ ಎಂಜಿನಿಯರ್. ತೋರಣಗಲ್ಲಿನ ಕಡೆ ಹನ್ನೆರಡು ವರ್ಷ ದುಡಿದ ಮೇಲೆ 2021ರಲ್ಲಿ ಅವರಿಗೆ ಪೋಲೆಂಡಿನ ದಕ್ಷಿಣದಲ್ಲಿರುವ ಸಿಲೇಸಿಯಾ ಪ್ರಾಂತದಲ್ಲಿ, ಕಟೋವಿತ್ಸೆಯ ಸಮೀಪ ಕೆಲಸ ದೊರೆಯಿತು. ನಾನು ಬಳ್ಳಾರಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮರುವರ್ಷ ಅವರಿಗೆ ಯುರೋಪಿನ ಬ್ಲೂ ಕಾರ್ಡ್ ದೊರೆತಾಗ ನಾನು ಕೆಲಸ ಬಿಟ್ಟು, ಎಂಟು ವರ್ಷದ ಮಗಳನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು 2022ರ ಆಗಸ್ಟಿನಲ್ಲಿ ಹೋದೆ. ಹೆಚ್ಚು ಕೌಶಲ ಮತ್ತು ಹೆಚ್ಚು ಸಂಬಳದ ಕೆಲಸಗಾರರಿಗೆ ಕೊಡುವ ಈ ಕಾರ್ಡ್ ಇದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು, ಬೇರೆ ಬಗೆಯ ಪರವಾನಗಿಯವರಂತೆ ಎರಡು ವರ್ಷ ಅಲ್ಲಿ ನೆಲೆಸಿರಬೇಕಾಗಿಲ್ಲ. ಆದ್ದರಿಂದ ಹೋಗುವವರು ಸಂಬಳದ ಅಂಕಿಯನ್ನು ನೋಡುವಷ್ಟೇ ಗಮನವಿಟ್ಟು ತಮಗೆ ಸಿಗುವುದು ಯಾವ ಪರವಾನಗಿ ಎಂಬುದನ್ನೂ ನೋಡಬೇಕು.

ನಮಗೆ ಎದುರಾದ ಮೊದಲ ತೊಡಕು ಊರಿನ ಹೆಸರಿನದು. ಮಗಳು ಹುಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ಅವಳ ಪ್ರಮಾಣಪತ್ರದ ಇಂಗ್ಲಿಷ್ ಭಾಗದಲ್ಲಿ ಊರು 'ಬೆಳ್ಳಾರಿ' ಎಂದಿದೆ. ಅದೇ ವರ್ಷದ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳ ಇಂಗ್ಲಿಷ್ ರೂಪ ಬದಲಾಯಿತು. 2018ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಗನ ಪತ್ರದಲ್ಲಿ ಊರು 'ಬಳ್ಳಾರಿ'. ನಮ್ಮ ಮನೆಯವರು ಹುಟ್ಟಿದ್ದು ಹೊಸಪೇಟೆಯಲ್ಲಿ. ಅವರ ಪಾಸ್‌ಪೋರ್ಟಿನಲ್ಲಿ ಅದು 'ಹಾಸ್ಪೆಟ್', ಜಿಲ್ಲೆ 'ಬೆಳ್ಳಾರಿ'. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಅವರು ಹೊಸದಾಗಿ ಪಡೆದ ಪ್ರಮಾಣಪತ್ರದಲ್ಲಿ ಊರೂ ಬೇರೆ, ಜಿಲ್ಲೆಯೂ ಬೇರೆ. ನಾಲ್ಕು ಜನರ ಕುಟುಂಬದ ಕಾಗದಗಳಲ್ಲಿ ಎರಡು ಊರುಗಳು ನಾಲ್ಕು ಊರುಗಳಾಗಿ ನಿಂತಿದ್ದವು. ನಮ್ಮ ಕಣ್ಣಿಗೆ ಇದು ಏನೂ ಅಲ್ಲ. ಆದರೆ ಭೂಪಟದಲ್ಲೂ ನಮ್ಮ ಊರನ್ನು ನೋಡಿರದ ಒಬ್ಬ ಅಧಿಕಾರಿಗೆ ಅಕ್ಕ ತಮ್ಮಂದಿರು ಎರಡು ಬೇರೆ ನಗರಗಳಲ್ಲಿ ಹುಟ್ಟಿದವರು, ಮತ್ತು ಒಬ್ಬನೇ ಮನುಷ್ಯ ಎರಡು ಕಡೆ ಹುಟ್ಟಿದವನು. ಹೆಸರು ಬದಲಾವಣೆಯ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನು ಕೊನೆಗೆ ಊರಿನಿಂದ ತರಿಸಿ, ಪೋಲಿಷ್‌ಗೆ ಅನುವಾದ ಮಾಡಿಸಿ ಅರ್ಜಿಯೊಂದಿಗೆ ಲಗತ್ತಿಸಿದೆವು. ಅದೊಂದು ಹಾಳೆಯನ್ನು ನಾವು ಹೋಗುವಾಗಲೇ ಒಯ್ದಿದ್ದರೆ ಎರಡು ತಿಂಗಳ ಚಿಂತೆ ತಪ್ಪುತ್ತಿತ್ತು.

ಎರಡನೆಯದು ಮನುಷ್ಯರ ಹೆಸರಿನದು. ನಮ್ಮ ಮನೆಯವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗದಲ್ಲಿ ಮನೆತನದ ಮೂಲ ಊರಾದ ಕುರುಗೋಡಿನ ಹೆಸರಿದೆ. ಮಕ್ಕಳಿಗೆ ಆ ಜಾಗದಲ್ಲಿ ತಂದೆಯ ಹೆಸರಿದೆ, ನನಗೆ ನನ್ನ ತಂದೆಯ ಹೆಸರಿದೆ. ಇನಿಷಿಯಲ್ ಬಳಸುವ ನಮ್ಮ ಭಾಗದಲ್ಲಿ ಇದು ಪ್ರತಿ ಮನೆಯ ಸಂಗತಿ. ಪೋಲೆಂಡಿನ ಅರ್ಜಿಗಳಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ಮನೆತನದ ಹೆಸರು ಎಂದು ಬೇರೆ ಬೇರೆ ಕಲಮುಗಳಿರುತ್ತವೆ. ಒಂದು ಅರ್ಜಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ತುಂಬಿದರೆ ಆ ವ್ಯತ್ಯಾಸವು ಮುಂದಿನ ಪ್ರತಿ ಕಚೇರಿಗೂ ಹಿಂಬಾಲಿಸಿ ಬರುತ್ತದೆ. ಪೋಲಿಷರ ಹೆಸರುಗಳಲ್ಲೂ ಊರು ಸೇರಿಕೊಂಡಿರುತ್ತದೆ ಎಂಬುದನ್ನು ನಾನು ಆಮೇಲೆ ತಿಳಿದೆ: 'ಸ್ಕಿ' ಎಂದು ಮುಗಿಯುವ ಹಳೆಯ ಮನೆತನದ ಹೆಸರುಗಳಲ್ಲಿ ಎಷ್ಟೋ ಹೆಸರುಗಳು ಇಂಥ ಊರಿನವರು ಎಂಬ ಅರ್ಥದವು, ಮತ್ತು ಗಂಡನದು 'ಸ್ಕಿ' ಎಂದಿದ್ದರೆ ಹೆಂಡತಿಯದು 'ಸ್ಕಾ' ಆಗುತ್ತದೆ. ಹೀಗೆ ವಿವರಿಸಿದಾಗ ಕುರುಗೋಡಿನ ಕಥೆ ಅವರಿಗೆ ಬೇಗ ಅರ್ಥವಾಗುತ್ತಿತ್ತು.

ಕಾಗದಗಳ ದಾರಿ ಹೀಗಿದೆ. ಮದುವೆ ಮತ್ತು ಜನನದ ಪ್ರಮಾಣಪತ್ರಗಳಿಗೆ ರಾಜ್ಯ ಮಟ್ಟದ ದೃಢೀಕರಣ ಮಾಡಿಸಿ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿಯೆಂದು ಬೇರೆ ದೇಶವೂ ಒಪ್ಪಲೆಂದು ಅಂತರರಾಷ್ಟ್ರೀಯ ಒಪ್ಪಂದದಂತೆ ಹಾಕುವ ಮುದ್ರೆ, ಹಾಕಿಸಬೇಕು. ಭಾರತ ಮತ್ತು ಪೋಲೆಂಡ್ ಎರಡರಲ್ಲೂ ಈ ಒಪ್ಪಂದ 2005ರಿಂದ ಜಾರಿಯಲ್ಲಿರುವುದರಿಂದ ಅಷ್ಟರಿಂದಲೇ ಕಾಗದ ಅಲ್ಲಿ ಮಾನ್ಯವಾಗುತ್ತದೆ. ಆದರೆ ಅದನ್ನು ಪೋಲಿಷ್ ಸರ್ಕಾರದ ಪಟ್ಟಿಯಲ್ಲಿರುವ, ಪ್ರಮಾಣವಚನ ಸ್ವೀಕರಿಸಿದ ಅನುವಾದಕರಿಂದಲೇ ಪೋಲಿಷ್‌ಗೆ ತರಿಸಬೇಕು. ಇಂಗ್ಲಿಷ್‌ನಿಂದ ಮಾಡುವವರು ಊರೂರಿನಲ್ಲೂ ಇದ್ದಾರೆ. ಕನ್ನಡದಿಂದ ಮಾಡುವವರು ನಮಗೆ ಸಿಗಲಿಲ್ಲ. ಇದು ತೀವ್ರವಾಗಿ ಕಾಡಿದ್ದು ಮಕ್ಕಳ ತಾಯಿ ಕಾರ್ಡಿನ ವಿಷಯದಲ್ಲಿ. ಅಲ್ಲಿ ಮಕ್ಕಳಿಗೆ ಲಸಿಕೆ ಕಡ್ಡಾಯ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ವಿದೇಶಿ ಮಕ್ಕಳಿಗೂ ಕಡ್ಡಾಯ. ಹಾಗಾಗಿ ಬಿಸಿಜಿಯಿಂದ ಹಿಡಿದು ಯಾವ ಲಸಿಕೆ ಯಾವ ದಿನ ಹಾಕಿಸಿದ್ದೆಂಬ ಪಟ್ಟಿಯನ್ನು ಮಕ್ಕಳ ವೈದ್ಯರು ಕೇಳುತ್ತಾರೆ. ನಮ್ಮ ಕಾರ್ಡುಗಳು ಕನ್ನಡದಲ್ಲಿದ್ದವು, ಕೆಲವು ದಿನಾಂಕಗಳು ಮಾಸಿಹೋಗಿದ್ದವು. ಬಳ್ಳಾರಿಯ ಮಕ್ಕಳ ವೈದ್ಯರಿಂದ ಆ ಪಟ್ಟಿಯನ್ನು ಇಂಗ್ಲಿಷ್‌ನಲ್ಲಿ ಬರೆಸಿ, ಸಹಿ ಮತ್ತು ಮೊಹರು ಹಾಕಿಸಿಕೊಂಡು ಹೋಗುವುದು ಅರ್ಧ ದಿನದ ಕೆಲಸ.

ಬಾಡಿಗೆ ಮನೆಯ ವಿಷಯದಲ್ಲಿ ಕಾಲವೇ ನಮಗೆ ಪ್ರತಿಕೂಲವಾಗಿತ್ತು. 2022ರ ಫೆಬ್ರುವರಿಯ ನಂತರ ಯುದ್ಧದಿಂದ ಕಂಗೆಟ್ಟು ಉಕ್ರೇನಿನಿಂದ ಲಕ್ಷಾಂತರ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಆ ದೇಶಕ್ಕೆ ಬಂದಿದ್ದರು. ಪೋಲಿಷರು ಅವರನ್ನು ತಮ್ಮ ಮನೆಗಳಲ್ಲಿಯೇ ಇರಿಸಿಕೊಂಡರು. ಖಾಲಿ ಮನೆಗಳು ಸಹಜವಾಗಿಯೇ ಕಡಿಮೆಯಿದ್ದವು. ಅದರ ಮೇಲೆ ಅಲ್ಲಿನ ಎಷ್ಟೋ ಮಾಲೀಕರು ಒಂದು ವಿಶೇಷ ಬಗೆಯ ಕರಾರನ್ನು ಬಯಸುತ್ತಾರೆ. ಮನೆ ಬಿಡಬೇಕಾಗಿ ಬಂದರೆ ಇಂಥ ವಿಳಾಸಕ್ಕೆ ಹೋಗುತ್ತೇವೆಂದು ಬಾಡಿಗೆದಾರರು ನೋಟರಿಯ ಮುಂದೆ ಬರೆದುಕೊಡಬೇಕು, ಆ ವಿಳಾಸದ ಮನೆಯೊಡೆಯರೂ ಒಪ್ಪಿಗೆ ಪತ್ರ ಕೊಡಬೇಕು. ಆಗತಾನೇ ಬಂದ ವಿದೇಶಿಯರಿಗೆ ಅಂಥ ವಿಳಾಸ ಎಲ್ಲಿಂದ ಬರಬೇಕು? ನಮ್ಮ ಮನೆಯವರ ಸಹೋದ್ಯೋಗಿಯೊಬ್ಬರು ತಮ್ಮ ತಾಯಿಯ ಮನೆಯ ವಿಳಾಸ ಕೊಟ್ಟು ಸಹಿ ಹಾಕಿಸಿದರು. ಆ ತಾಯಿ ನಮ್ಮನ್ನು ಆಗ ನೋಡಿಯೂ ಇರಲಿಲ್ಲ. ಬಾಡಿಗೆಯ ಜೊತೆಗೆ ಕಟ್ಟಡದ ನಿರ್ವಹಣೆಗೆಂದು ತಿಂಗಳ ಶುಲ್ಕ ಬೇರೆಯೇ ಇರುತ್ತದೆ. ಜಾಹೀರಾತಿನಲ್ಲಿ ಕಾಣುವ ಮೊತ್ತವೇ ಪೂರ್ಣವೆಂದು ತಿಳಿಯಬಾರದು.

ಆರೋಗ್ಯ ವಿಮೆಯ ಬಗ್ಗೆ ಒಂದೇ ಮಾತು. ಗಂಡನ ಸಂಬಳದಿಂದ ಕಡಿತವಾಗುವ ವಂತಿಗೆಯಲ್ಲೇ ಹೆಂಡತಿ ಮಕ್ಕಳಿಗೂ ಸರ್ಕಾರಿ ಆರೋಗ್ಯ ನಿಧಿಯ ಚಿಕಿತ್ಸೆ ಸಿಗುತ್ತದೆ, ಹೆಚ್ಚಿನ ಹಣವಿಲ್ಲ; ಆದರೆ ಅದು ತಾನಾಗಿ ಆಗುವುದಿಲ್ಲ. ಕುಟುಂಬದವರ ಹೆಸರನ್ನು ಉದ್ಯೋಗದಾತರ ಮೂಲಕ ಸೇರಿಸಬೇಕು, ಬಂದ ವಾರದಲ್ಲೇ ಸೇರಿಸಬೇಕು.

ಇನ್ನು ಶಾಲೆ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಹಾಕಬೇಕೆಂದು ಬಳಗದ ಎಲ್ಲರೂ ಹೇಳಿದರು. ನಾವು ಮನೆಯ ಹತ್ತಿರದ ಸರ್ಕಾರಿ ಶಾಲೆಯನ್ನು ಆರಿಸಿದೆವು, ಮತ್ತು ಈ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ. ಅಲ್ಲಿನ ಪ್ರಾಥಮಿಕ ಶಾಲೆ ಎಂಟು ವರ್ಷದ್ದು, ಏಳನೆಯ ವಯಸ್ಸಿಗೆ ಒಂದನೆಯ ತರಗತಿ, ವರ್ಷಾರಂಭ ಸೆಪ್ಟೆಂಬರ್ 1ಕ್ಕೆ. ಭಾಷೆ ಬಾರದ ವಿದೇಶಿ ಮಕ್ಕಳಿಗೆ ವಾರಕ್ಕೆ ಕನಿಷ್ಠ 2 ತಾಸು ಪೋಲಿಷ್ ಪಾಠವನ್ನು ಶಾಲೆಯೇ ಉಚಿತವಾಗಿ ಕೊಡುತ್ತದೆ. ಮೊದಲ ದಿನ ಬಿಳಿ ಅಂಗಿ ತೊಟ್ಟು ಹೋದ ಮಗಳು ಬಾಗಿಲಲ್ಲಿ ಎಲ್ಲ ಮಕ್ಕಳೂ ಬೂಟು ಕಳಚಿ ಒಳಗಿನ ಚಪ್ಪಲಿ ಹಾಕಿಕೊಳ್ಳುವುದನ್ನು ಕಂಡು, "ಅಮ್ಮ, ನಮ್ಮ ಮನೆ ಥರ ಇಲ್ಲಿಯೂ ಹೊರಗೆ ಬಿಡ್ತಾರೆ" ಎಂದಳು. ಆ ತಿಂಗಳು ಅವಳು ಶಾಲೆಯನ್ನು ಮೆಚ್ಚಿ ಹೇಳಿದ ಮಾತು ಅದೊಂದೇ. ಡಿಸೆಂಬರ್ ತನಕ ತರಗತಿಯಲ್ಲಿ ಅವಳು ಬಾಯಿ ಬಿಡಲಿಲ್ಲ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಇಪ್ಪತ್ತು ಮಕ್ಕಳ ನಡುವೆ ಮಾತು ಬಾರದೆ ಕುಳಿತಿರುವ ಮಗುವಿನ ಸಂಕಟವನ್ನು ನಾನು ಶಿಕ್ಷಕಿಯಾಗಿ ನೋಡಿದ್ದೆ. ತಾಯಿಯಾಗಿ ನೋಡುವುದು ಬೇರೆ.

ಆಗ ನನಗೆ ನೆರವಾದದ್ದು ನಾನು ಕಲಿಸುತ್ತಿದ್ದ ಕನ್ನಡ ವ್ಯಾಕರಣವೇ. ಪೋಲಿಷ್‌ನಲ್ಲಿ ಏಳು ವಿಭಕ್ತಿಗಳಿವೆ. ಇಂಗ್ಲಿಷ್‌ನಲ್ಲಿ ಎತ್ತ ಹೋದರೂ ಊರಿನ ಹೆಸರು ಬದಲಾಗದು. ಪೋಲಿಷ್‌ನಲ್ಲಿ ಊರು 'ಕಟೋವಿತ್ಸೆ', ಅಲ್ಲಿರುವವರು 'ಕಟೋವಿತ್ಸಾಖ್', ಅಲ್ಲಿಗೆ ಹೋಗುವವರಿಗೆ ಅದು 'ಕಟೋವಿತ್ಸ್'. ಬಳ್ಳಾರಿ, ಬಳ್ಳಾರಿಗೆ, ಬಳ್ಳಾರಿಯಲ್ಲಿ ಎಂದು ಹುಟ್ಟಿನಿಂದ ಹೇಳಿದ ಮಗುವಿಗೆ ಇದರಲ್ಲಿ ವಿಚಿತ್ರವೇನಿದೆ ಎಂದು ಮಗಳನ್ನು ಎದುರು ಕೂರಿಸಿಕೊಂಡು ಕೋಷ್ಟಕ ಹಾಕಿದೆ. ಕರೆಯುವಾಗ ಹೆಸರಿನ ಕೊನೆ ಬದಲಾಗುವ ಸಂಬೋಧನೆಯೂ ಅಲ್ಲಿದೆ. ಎರಡು, ಮೂರು ಎನ್ನಲು 'ದ್ವಾ', 'ತ್ಶಿ' ಎನ್ನುತ್ತಾರೆ. ಸಂಸ್ಕೃತದ ದ್ವಿ, ತ್ರಿ ಗೊತ್ತಿದ್ದವರಿಗೆ ಅವು ದೂರದ ನೆಂಟರು. ಹಿರಿಯರನ್ನು ನೇರವಾಗಿ 'ನೀನು' ಎನ್ನದೆ 'ಪಾನ್', 'ಪಾನಿ' ಎಂದು ಮೂರನೆಯವರ ಬಗ್ಗೆ ಹೇಳುವಂತೆ ಮಾತನಾಡಿಸುವುದು ಅವರ ಮರ್ಯಾದೆ. ಬಹುವಚನ ಹಚ್ಚಿ ಬೆಳೆದ ನಮ್ಮ ಮಕ್ಕಳಿಗೆ ಆ ಸೂಕ್ಷ್ಮ ಬೇಗ ಹಿಡಿಯಿತು. ಮಾರ್ಚಿಯ ಹೊತ್ತಿಗೆ ಮಗಳು ಜಗಳವಾಡುವಷ್ಟು ಪೋಲಿಷ್ ಕಲಿತಿದ್ದಳು. ಅವಳಿಗೆ ಕಲಿಸಲೆಂದು ಕುಳಿತು ನಾನೂ ಕಲಿತೆ.

ನಾನು ಅಕ್ಕನ ಮಗಳಿಗೆ ಒತ್ತಿ ಹೇಳಿದ್ದು ಇದನ್ನೇ. ಗಂಡನಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕು, ಮಕ್ಕಳಿಗೆ ಶಾಲೆ ಕಲಿಸುತ್ತದೆ, ಮನೆಯಲ್ಲಿ ಉಳಿಯುವ ಹೆಂಗಸಿಗೆ ಯಾರೂ ಕಲಿಸುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಲ್ಲಿದ್ದಲು ಸುಡುವ ಹಳೆಯ ಮನೆಗಳ ಹೊಗೆ ತಗ್ಗಿನಲ್ಲಿ ನಿಲ್ಲುತ್ತದೆ. ನಾಲ್ಕೂವರೆ ತಾಸು ಮುಂದಿರುವ ಬಳ್ಳಾರಿಯಲ್ಲಿ ಆಗ ರಾತ್ರಿ ಊಟ ಮುಗಿದಿರುತ್ತದೆ, ಫೋನು ಮಾಡಿದರೆ ಅತ್ತೆಯವರು ನಿದ್ದೆಗಣ್ಣಿನಲ್ಲಿ ಎರಡು ಮಾತನಾಡುತ್ತಾರೆ. ಮೊದಲ ಚಳಿಗಾಲದಲ್ಲಿ ನಾನು ದಿನಗಟ್ಟಲೆ ಯಾರೊಂದಿಗೂ ಮಾತನಾಡದೆ ಇದ್ದದ್ದಿದೆ. ಬ್ಲೂ ಕಾರ್ಡಿನವರ ಪತ್ನಿಗೆ ಬೇರೆ ಪರವಾನಗಿ ಇಲ್ಲದೆ ಕೆಲಸ ಮಾಡುವ ಹಕ್ಕಿದೆ, ಆದರೆ ಮಾತೇ ಬಾರದೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಮುಂದೆ ಐದು ವರ್ಷದ ಬಳಿಕ ದೀರ್ಘಕಾಲದ ವಾಸದ ಪರವಾನಗಿ ಬೇಕಾದಾಗಲೂ ಪೋಲಿಷ್‌ನಲ್ಲಿ ಬಿ-1 ಮಟ್ಟದ, ಅಂದರೆ ದಿನಬಳಕೆಯ ಮಾತು ನಡೆಸಬಲ್ಲ ಮಧ್ಯಮ ಮಟ್ಟದ, ಪ್ರಮಾಣಪತ್ರ ಕೇಳುತ್ತಾರೆ. ವೀಸಾಕ್ಕೆ ಕಾಯುವ ತಿಂಗಳುಗಳಲ್ಲಿ ಹೊಸಪೇಟೆಯಲ್ಲಿ ಕುಳಿತೇ ಶುರು ಮಾಡಬಹುದಾದ ಕೆಲಸವಿದು.

ನನ್ನ ಪೋಲಿಷ್ ಶಿಕ್ಷಕಿಯಿಂದ ಒಂದು ಸಂಗತಿ ತಿಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ನಾಡಿನ ಗಡಿಪಾರಿನಿಂದ ಪಾರಾಗಿ ಬಂದ ಪೋಲಿಷ್ ಮಕ್ಕಳಿಗೆ 1942ರಲ್ಲಿ ಇಂದಿನ ಗುಜರಾತಿನ ನವಾನಗರ ಸಂಸ್ಥಾನದ ಅರಸರಾದ ಜಾಮ್ ಸಾಹೇಬರು ಅಲ್ಲಿನ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. 1943ರಿಂದ ನಮ್ಮ ಪಕ್ಕದ ಕೊಲ್ಹಾಪುರದ ವಳಿವಡೆಯಲ್ಲಿ ಸುಮಾರು 5,000 ಪೋಲಿಷರು ನೆಲೆಸಿದ್ದರು. ಆ ಶಿಬಿರದಲ್ಲಿ ಅವರು ಪೋಲಿಷ್ ಶಾಲೆಗಳನ್ನು ನಡೆಸಿ, ಮರಾಠಿ ನೆಲದಲ್ಲಿ ತಮ್ಮ ಮಕ್ಕಳಿಗೆ ತಮ್ಮ ಅಕ್ಷರ ಕಲಿಸಿದರಂತೆ. ಇದನ್ನು ಕೇಳಿದ ವಾರದಿಂದಲೇ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಾಗುಣಿತದ ಪಾಠ ಶುರು ಮಾಡಿದೆ. ಮಗನಿಗೆ ಪೋಲಿಷ್ಷೇ ಮೊದಲ ಅಕ್ಷರ; ಈ ಬಾರಿ ಬೆಂಗಳೂರು ರಸ್ತೆಯ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿ ಅಜ್ಜಿಗೆ ಹೇಳಿದ.

ಜೋಳದ ಹಿಟ್ಟಿನ ಪ್ರಶ್ನೆಗೂ ಕೊನೆಯಲ್ಲಿ ಉತ್ತರ ಕೊಟ್ಟೆ. ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಿಟ್ಟು ಸಿಗುತ್ತವೆ. ಎರಡು ಕಿಲೋ ಒಯ್ದರೆ ಮೊದಲ ವಾರಗಳಿಗೆ ಸಾಕು. ಅಲ್ಲಿನ ಸಾಮಾನ್ಯ ದಿನಸಿ ಅಂಗಡಿಗಳಲ್ಲೇ ಸಿಗುವ 'ಕಾಶಾ ಯಗ್ಲಾನಾ' ನಮ್ಮ ಬರಗು. ಅದರ ಅನ್ನಕ್ಕೆ ಅಲ್ಲಿನ ಮಜ್ಜಿಗೆ ಚೆನ್ನಾಗಿ ಹೊಂದುತ್ತದೆ. ಸ್ವೆಟರ್ ಇಲ್ಲಿ ಕೊಳ್ಳುವುದು ಬೇಡ, ಆ ಚಳಿಗೆ ತಕ್ಕದ್ದು ಅಲ್ಲಿಯೇ ಸಿಗುತ್ತದೆ.

ನಾಳೆ ಸೋಮವಾರ ಅವಳೂ ಅಳಿಯಂದಿರೂ ಹೊಸಪೇಟೆಯ ಉಪನೋಂದಣಾಧಿಕಾರಿಗಳ ಕಚೇರಿಗೆ ಮದುವೆ ನೋಂದಣಿಗೆ ಹೋಗುತ್ತಿದ್ದಾರೆ. ಲಗ್ನಪತ್ರಿಕೆಯ ಒಂದು ಪ್ರತಿ ಅಕ್ಕನ ಟ್ರಂಕಿನಲ್ಲಿ ಸಿಕ್ಕಿದೆ, ತಾಳಿ ಕಟ್ಟುವ ಫೋಟೊ ಹೊಸದಾಗಿ ತೊಳೆಸಿದ್ದಾರೆ. ಸಾಕ್ಷಿ ಹಾಕಲು ನಾನು ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ. ಮೂವರ ಹೆಸರುಗಳೂ ಊರಿನ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ, ಅಕ್ಷರಕ್ಕೆ ಅಕ್ಷರ ಇವೆಯೇ ಎಂದು ಅರ್ಜಿಯನ್ನು ಕೊಡುವ ಮೊದಲು ನಾನೊಮ್ಮೆ ಓದಬೇಕಾಗಿದೆ.