ಟ್ರಾಮಿನಿಂದ ತಕ್ಸಿಮ್‌ವರೆಗೆ: ಇಸ್ತಾಂಬುಲ್‌ನ ಬೋರ್ಡು ಓದುತ್ತಾ

ಸುಲ್ತಾನಹ್ಮೆತ್‌ನಲ್ಲಿ ಟಿ1 ಟ್ರಾಮ್ ಹತ್ತುವ ಮೊದಲೇ ಟರ್ಕಿಶ್ ವ್ಯಾಕರಣ ಎದುರಾಗುತ್ತದೆ. ಬೋರ್ಡಿನ ಮೇಲೆ ‘ಟೋಪ್‌ಕಾಪಿ ಸರಾಯಿ’. ನಮ್ಮ ಸಾರಾಯಿಗೂ ಇದಕ್ಕೂ ನಂಟಿಲ್ಲ. ಸರಾಯ್ ಎಂದರೆ ಅರಮನೆ, ಕೊನೆಯ ‘ಇ’ ಎಂದರೆ ‘ಅದರ’. ಪದ ಸ್ವರದಲ್ಲಿ ಮುಗಿದರೆ ನಡುವೆ ‘ಸ’ ನುಸುಳುತ್ತದೆ: ಕುಲೆ ಎಂದರೆ ಗೋಪುರ, ಗಲಾಟಾ ಗೋಪುರ ‘ಗಲಾಟಾ ಕುಲೆಸಿ’. ‘ಮೈಸೂರಿನ ಅರಮನೆ’ ಎನ್ನುವಾಗ ನಾವು ಪ್ರತ್ಯಯವನ್ನು ಮೈಸೂರಿಗೆ ಹಚ್ಚುತ್ತೇವೆ. ಇಲ್ಲಿ ಅದು ಅರಮನೆಗೆ ಹತ್ತುತ್ತದೆ.

ಈ ಬಾಲ ಬಿಟ್ಟರೆ ದಾರಿಯೇ ತಪ್ಪೀತು. ಬರೀ ಟೋಪ್‌ಕಾಪಿ ಎಂಬ ನಿಲ್ದಾಣವೂ ಇದೇ ಮಾರ್ಗದಲ್ಲಿದೆ, ಆದರೆ ಅರಮನೆಯಿಂದ ಬಹುದೂರ, ಪಶ್ಚಿಮದ ಹಳೇ ಕೋಟೆಗೋಡೆಯ ಹತ್ತಿರ. ಅಲ್ಲಿಗೆ ಹೋಗಲು ‘ಟೋಪ್‌ಕಾಪಿಯ’, ಅರಮನೆಗಾದರೆ ‘ಟೋಪ್‌ಕಾಪಿ ಸರಾಯಿನ’. ಕನ್ನಡದ ಕಿವಿಗೆ ಎರಡೂ ಷಷ್ಠಿಯಂತೆ ಕೇಳಿಸುತ್ತವೆ. ನಿಜವಾಗಿ ಎರಡೂ ಚತುರ್ಥಿ, ನಮ್ಮ ‘ಗೆ’. ಸ್ವರಾಂತ ಪದಕ್ಕೆ ‘ಗೆ’ ಹಚ್ಚುವಾಗ ನಡುವೆ ‘ಯ’ ಬರುತ್ತದೆ, ಆದರೆ ‘ಅದರ’ ಪ್ರತ್ಯಯದ ಮೇಲೆ ವಿಭಕ್ತಿ ಕೂತರೆ ‘ನ’.

ಮೂರನೇ ನಿಲ್ದಾಣ ಎಮಿನೋನುವಿನಲ್ಲಿ ಕಲಿತವರೂ ಎಡವುತ್ತಾರೆ. ಒಂದೇ ಪದದಂತೆ ಕಂಡರೂ ಒಳಗೆ ‘ಓನ್’ (ಎದುರು) ಮತ್ತು ‘ಅದರ’ ಎಂಬ ಉಕಾರ ಅಡಗಿವೆ. ಹಾಗಾಗಿ ‘ಎಮಿನೋನುಯೆ’ ತಪ್ಪು, ‘ಎಮಿನೋನುನೆ’ ಸರಿ. ಸೇತುವೆಯಾಚೆಯ ಬೆಯೋಲು ಕೂಡ ಹೀಗೇ: ಓಉಲ್ ಎಂದರೆ ಮಗ, ‘ಅದರ’ ಉಕಾರ ಸೇರಿದಾಗ ಓಲು; ಬೇ ಎಂದರೆ ಒಡೆಯ, ಒಟ್ಟಿಗೆ ‘ಬೇಯ ಮಗ’, ಅಲ್ಲಿಗೆ ಹೋಗಲು ‘ಬೆಯೋಲುನ’.

ದೋಣಿಕಟ್ಟೆಯಲ್ಲಿ ಸ್ವರಸಾಮ್ಯ ನೋಡಿ: ಕಾಡಿಕೋಯ್‌ಗೆ ಹೋಗಲು ‘ಕಾಡಿಕೋಯೆ’, ಆದರೆ ಉಸ್ಕುದಾರ್‌ಗೆ ‘ಉಸ್ಕುದಾರಾ’. ಪದದ ಕೊನೆಯ ಸ್ವರ ಬಾಯಿಯ ಮುಂಭಾಗದಲ್ಲಿ ಹುಟ್ಟುವುದಾದರೆ ಎ, ಹಿಂಭಾಗದಲ್ಲಾದರೆ ಆ. ಕಾಡಿಕೋಯಿಂದ ಎನ್ನಲು ‘ಕಾಡಿಕೋಯ್‌ದೆನ್’. ಬೆಶಿಕ್ತಾಶ್‌ನ ಶಕಾರದ ಪಕ್ಕ ‘ದ’ ಗಡುಸಾಗಿ ‘ಬೆಶಿಕ್ತಾಶ್‌ತಾನ್’. ಬರೆಯುವಾಗ ಊರಿನ ಹೆಸರಿಗೂ ವಿಭಕ್ತಿಗೂ ನಡುವೆ ಮೇಲೊಂದು ಅಲ್ಪವಿರಾಮದಂಥ ಚಿಹ್ನೆ ಇರುವುದು ಹೊಸಬರಿಗೆ ದೊಡ್ಡ ಉಪಕಾರ.

ದೋಣಿಯಲ್ಲಿ ಚಹಾ ಕುಡಿಯುವಾಗ ನಮ್ಮದೇ ನೆಲ. ಯಾವುದೋ ಚಹಾ ಕುಡಿದರೆ ‘ಚಾಯ್ ಇಚ್ತಿಮ್’. ಗೊತ್ತಿರುವ ಆ ಚಹಾವನ್ನು ಕುಡಿದರೆ ‘ಚಾಯಿ ಇಚ್ತಿಮ್’. ತೊಡಕೆಂದರೆ ಅದೇ ‘ಚಾಯಿ’ಗೆ ‘ಅವನ ಚಹಾ’ ಎಂದೂ ಅರ್ಥ. ಅವನ ಚಹಾವನ್ನು ಎನ್ನಲು ಮತ್ತೆ ನಕಾರ: ‘ಚಾಯಿನಿ’.

ತಕ್ಸಿಮ್ ಚೌಕದ ಅಂಗಡಿಯಲ್ಲಿ ನೀರು ಕೊಳ್ಳುವಾಗ ಎಲ್ಲ ನಿಯಮವೂ ಕೈಕೊಡುತ್ತದೆ. ನೀರು ‘ಸು’. ‘ಅದರ ನೀರು’ ಸುಸು ಆಗಬೇಕಿತ್ತು, ಆಗುವುದು ‘ಸುಯು’.